ಆಟಿ ತಿಂಗಳ ವಾಚನಾಲಯ

ಕಳೆದ ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವರೆಗಿನ ತುಳು ತಿಂಗಳು) ಕಾಸರಗೋಡಿನ ಪೆರ್ಲದ ಕಡೆಯ ಒಂದು ಸಣ್ಣ ವಾಚನಾಲಯಕ್ಕೆ ಹೋಗಿದ್ದೆ. ಮೇಜಿನ ಮೇಲೆ ಆ ದಿನದ ಕನ್ನಡ, ಮಲಯಾಳ ಪೇಪರುಗಳು ಇದ್ದವು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಕಬ್ಬಿಣದ ಕಪಾಟಿನ ಬಾಗಿಲು ತೆಗೆದ ಕೂಡಲೇ ಮುಗ್ಗುಲು ವಾಸನೆ ಮೂಗಿಗೆ ಹೊಡೆಯಿತು. ಒಂದು ಹಳೆ ಕಾದಂಬರಿ ಎಳೆದೆ. ಪಕ್ಕದ್ದೂ ಅಂಟಿಕೊಂಡೇ ಬಂತು. ಬಟ್ಟೆಯ ರಟ್ಟಿನ ಮೇಲೆ ಬೂದು ಹಸಿರು ಬಣ್ಣದ ಹುಡಿ. ಬೆರಳಾಡಿಸಿದರೆ ಗೆರೆ ಮೂಡಿತು. ನಡುವಿನ ಹೊಲಿಗೆಯಿಂದ ಬೆಳ್ಳಿ ಬಣ್ಣದ ಹುಳವೊಂದು ಸರಕ್ಕನೆ ಓಡಿ ಬೆನ್ನಿನ ಒಳಗೆ ಅಡಗಿತು. ಅಂಟಿನಲ್ಲಿರುವ ಗಂಜಿಯೇ ಅದಕ್ಕೆ ಊಟ.

ಬಹಳ ಬೇಜಾರಾಯಿತು. ಮಲಯಾಳ ಪುಸ್ತಕ ಹಾಳಾದರೆ ಇನ್ನೊಂದು ಪ್ರತಿ ಕಾಸರಗೋಡು ಪೇಟೆಯಲ್ಲಿ ಸಿಗಬಹುದು. ಕನ್ನಡದ ಹಳೆ ಪುಸ್ತಕ ಹಾಗಲ್ಲ, ಅಲ್ವಾ? ಹೆಚ್ಚಿನವು ಮತ್ತೆ ಅಚ್ಚಾಗಿಯೇ ಇರುವುದಿಲ್ಲ.

ಇದೇ ಊರಿನ ಹಳೆ ಮನೆಗಳ ಅಟ್ಟ ನೋಡಿ. ಕೆಳಗೆ ಅಡುಗೆ ಒಲೆ, ಮೇಲೆ ಅಡಿಕೆ, ಕಾಳುಮೆಣಸು, ಬಿತ್ತನೆ ಬೀಜ. ಹೊರಗೆ ಎಷ್ಟೇ ಮಳೆ ಹೊಯ್ದರೂ ಅವಕ್ಕೆ ಸುಲಭದಲ್ಲಿ ಬೂಷ್ಟು ಹಿಡಿಯುತ್ತಿರಲಿಲ್ಲ. ಅಟ್ಟಕ್ಕೆ ಗೊತ್ತಿದ್ದ ವಿದ್ಯೆ ಕಪಾಟಿಗೆ ಏಕೆ ಬರಲಿಲ್ಲ?

ಲೆಕ್ಕ ಸರಳ. ಬೆಚ್ಚಗಿನ ಗಾಳಿ ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 23 ಗ್ರಾಂ ಆವಿ ಹಿಡಿಸುತ್ತದೆ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಗಾಳಿಯಲ್ಲಿ ಈಗ ಇರುವ ಆವಿ, ಹಿಡಿಸಬಹುದಾದ ಆವಿಯ ನೂರಕ್ಕೆ ಎಷ್ಟು ಪಾಲು ಎಂಬುದೇ ತೇವಾಂಶದ ಅಳತೆ. ಬೂಷ್ಟಿನ ಬೀಜಕಣಗಳು ಎಲ್ಲ ಕಡೆ ತೇಲುತ್ತಲೇ ಇರುತ್ತವೆ. ಅವನ್ನು ಓಡಿಸಲು ಸಾಧ್ಯವಿಲ್ಲ. ಆದರೆ ತೇವಾಂಶ ಸುಮಾರು 65-70ರ ಮೇಲೆ ಹಲವು ದಿನ ನಿಂತರೆ ಮಾತ್ರ ಅವು ಮೊಳೆಯುತ್ತವೆ. ಕಾಗದವೋ, ನೀರು ಕುಡಿಯುವ ಜಾತಿ. ಸುತ್ತಲಿನ ಗಾಳಿ ಹಸಿಯಾದ ಹಾಗೆ ತಾನೂ ಹಸಿಯಾಗುತ್ತದೆ.

ಆಟಿಯಲ್ಲಿ ನಮ್ಮ ಹೊರಗಿನ ಗಾಳಿಯೇ 90ರ ಆಸುಪಾಸಿನಲ್ಲಿರುತ್ತದೆ. ಆಗ ಕಿಟಕಿ ತೆರೆದಿಟ್ಟರೆ ಪುಸ್ತಕ ಒಣಗುತ್ತದೆ ಎನ್ನುವುದು ತಪ್ಪು. ಒಣಗಿಸಬೇಕಾದರೆ ಬೆಚ್ಚಗೆ ಮಾಡಬೇಕು. 25 ಡಿಗ್ರಿಯ, 90ರ ತೇವಾಂಶದ ಗಾಳಿಯನ್ನು ನಾಲ್ಕೇ ಡಿಗ್ರಿ ಬಿಸಿ ಮಾಡಿ, ತೇವಾಂಶ ಸುಮಾರು 71ಕ್ಕೆ ಇಳಿಯುತ್ತದೆ. ಇನ್ನೊಂದೆರಡು ಡಿಗ್ರಿ ಏರಿದರೆ ಬೂಷ್ಟಿನ ಗಡಿಯಿಂದ ಕೆಳಗೆ. ಅಟ್ಟದಲ್ಲಿ ಒಲೆ ಮಾಡುತ್ತಿದ್ದ ಕೆಲಸ ಇದೇ.

ಕಪಾಟಿನ ತಳದಲ್ಲಿ ಉರಿಯುವ ಒಂದು ಹಳೆ ಕಾಲದ ಬಲ್ಬೂ ಇದನ್ನೇ ಮಾಡುತ್ತದೆ. ಮುಂಚೆ ಕೆಲವರು ಬಟ್ಟೆಯ ಕಪಾಟಿಗೆ, ಹಾರ್ಮೋನಿಯಂ ಪೆಟ್ಟಿಗೆಗೆ ಹೀಗೆ ಬಲ್ಬ್ ಹಾಕುತ್ತಿದ್ದರು. ಎಲ್‌ಇಡಿ ಇಲ್ಲಿ ಉಪಯೋಗಕ್ಕಿಲ್ಲ, ಅದರಲ್ಲಿ ಬಿಸಿ ತೀರಾ ಕಡಿಮೆ. 15 ವಾಟಿನ ಬಲ್ಬ್ ಹಗಲು ರಾತ್ರಿ ಉರಿದರೂ ತಿಂಗಳಿಗೆ 11 ಯುನಿಟ್ ಕರೆಂಟು ಸಾಕು. ಬಲ್ಬಿಗೆ ತಂತಿಯ ಪಂಜರ ಇರಲಿ, ಪುಸ್ತಕ ತಾಗದ ಹಾಗೆ ಅಂತರ ಇರಲಿ.

ಆದರೆ ಆ ವಾಚನಾಲಯದ ದೊಡ್ಡ ತಪ್ಪು ಬೇರೆಯೇ ಇತ್ತು. ಕಪಾಟು ನಿಂತದ್ದು ಪಡುವಣ ಗೋಡೆಗೆ. ನಮ್ಮಲ್ಲಿ ಮಳೆ ಗಾಳಿಯ ಜೊತೆ ಪಶ್ಚಿಮದಿಂದ ಬಂದು ಬಡಿಯುತ್ತದೆ. ಅದಕ್ಕೇ ಹಿಂದಿನವರು ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು. ಗೋಡೆ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು. ಅದರ ತುಂಬ ಸಣ್ಣ ತೂತುಗಳು. ಅದು ನೀರು ಹೀರಿ ವಾರಗಟ್ಟಲೆ ಹಸಿಯಾಗಿ, ತಣ್ಣಗೆ ಇರುತ್ತದೆ. ಕೋಣೆಯ ನಡುವೆ 27 ಡಿಗ್ರಿ, ತೇವಾಂಶ 80 ಅಂದುಕೊಳ್ಳಿ. ಗೋಡೆ ಮೂರೇ ಡಿಗ್ರಿ ತಣ್ಣಗಿದ್ದರೂ ಅದರ ಪಕ್ಕದ ಗಾಳಿಯಲ್ಲಿ ತೇವಾಂಶ 95 ಆಗುತ್ತದೆ. ಒಂದೇ ಕೋಣೆ, ನಡುವೆ ಒಂದು ಹವೆ, ಕಪಾಟಿನ ಬೆನ್ನಿಗೆ ಇನ್ನೊಂದು ಹವೆ!

ಓದುವವರೂ ಕೋಣೆಯನ್ನು ಹಸಿ ಮಾಡುತ್ತಾರೆ. ಸುಮ್ನೆ ಕೂತಿದ್ದರೂ ಒಬ್ಬರ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಸೇರುತ್ತದೆ. ಹತ್ತು ಜನ ಎರಡು ಗಂಟೆ ಕೂತರೆ ಒಂದು ಲೀಟರ್. ಮೇಲಿಂದ ಮೂಲೆಯಲ್ಲಿ ತೊಟ್ಟಿಕ್ಕುವ ಹತ್ತು ಕೊಡೆಗಳು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಜನರಿಗೆ ಗಾಳಿ ಬೇಕು, ಪುಸ್ತಕಕ್ಕೆ ಬಿಸಿ ಬೇಕು. ಎರಡನ್ನೂ ಒಂದೇ ಕೋಣೆಯಲ್ಲಿ ಕೊಡಲು ಹೋಗಬಾರದು. ಎಂಟಡಿಗೆ ಹತ್ತಡಿಯ ಒಂದು ಪುಸ್ತಕದ ಕೋಣೆ ಸಾಕು. ಅದರ ಉತ್ತರಕ್ಕೂ ಮೂಡಣಕ್ಕೂ ಅಗಲವಾದ ಜಗಲಿ. ಓದುವುದು, ಹರಟುವುದು ಎಲ್ಲ ಜಗಲಿಯಲ್ಲಿ. ಕೊಡೆ, ಚಪ್ಪಲಿ ಅದರ ಆಚೆ. ಪಡುವಣಕ್ಕೆ ಕಿಟಕಿಯಿಲ್ಲದ ಗೋಡೆ, ಹೊರಗೆ ತಟ್ಟಿ. ಕಪಾಟು ಜಗಲಿ ಬದಿಯ ಗೋಡೆಯ ಹತ್ತಿರ, ಅದಕ್ಕೂ ನಾಲ್ಕು ಬೆರಳು ದೂರ, ನೆಲದಿಂದ ಅರ್ಧ ಅಡಿ ಮೇಲೆ. ಹಿಂದೆ ಸಂದು ಇದ್ದರೆ ಒರಲೆಯ (ಗೆದ್ದಲಿನ) ಮಣ್ಣಿನ ದಾರಿಯೂ ಬೇಗ ಕಣ್ಣಿಗೆ ಬೀಳುತ್ತದೆ.

ಜಗಲಿಯಿಂದ ಬೆಳಕಿನ ಸಮಸ್ಯೆಯೂ ಹಗುರಾಗುತ್ತದೆ. ಕಿಟಕಿಯ ಮೇಲಂಚು ಎಷ್ಟು ಎತ್ತರವೋ ಅದರ ಎರಡರಷ್ಟು ದೂರದವರೆಗೆ ಮಾತ್ರ ಓದಲು ಸಾಕಾಗುವ ಬೆಳಕು ಒಳಗೆ ಬರುತ್ತದೆ. ಅದೂ ಮೋಡ ಕವಿದ ದಿನ ಇನ್ನೂ ಕಡಿಮೆ. ಓದಲು ಸುಮಾರು 300 ಲಕ್ಸ್ (ಬೆಳಕಿನ ಅಳತೆ) ಬೇಕು. ಮಳೆಗಾಲದ ಹಗಲಲ್ಲಿ ಅಷ್ಟು ಬೆಳಕು ಜಗಲಿಗೆ ತಾನಾಗಿಯೇ ಬರುತ್ತದೆ.

ಬಿಸಿಲಿನ ಮಾತು ಬೇರೆ. ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡು ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಒಂದು ಮೀಟರ್ ಮುಂದೆ ಚಾಚಿದ ಮಾಡು ಸುಮಾರು 1.4 ಮೀಟರ್ ಗೋಡೆಗೆ ನೆರಳು ಕೊಡುತ್ತದೆ. ದಕ್ಷಿಣದ ಕಿಟಕಿಗೆ ಅಷ್ಟು ಸಾಕು. ಉತ್ತರದ ಜಗಲಿಗೆ ಮಧ್ಯಾಹ್ನದ ಬಿಸಿಲು ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ. ಅದರಲ್ಲಿ ಹೆಚ್ಚಿನ ದಿನ ಹೇಗೂ ಮೋಡ. ಮಾಡಿಗೆ ಹಂಚೇ ಒಳ್ಳೆಯದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಅದು ಮನೆಮಾತಾಯಿತು. ಬಿಸಿಗಾಳಿ ಹಂಚುಗಳ ಸಂದಿನಿಂದ ಹೊರಗೆ ಹೋಗುತ್ತದೆ, ಜಗಲಿಯಲ್ಲಿ ಕೂತವರಿಗೆ ಹಿತ. ಪುಸ್ತಕದ ಕೋಣೆಗೆ ಮಾತ್ರ ಹಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಬೇಕು.

ಇಲ್ಲಿ ವಾಚನಾಲಯದ ಹಂಬಲಕ್ಕೆ ಎಂದೂ ಕೊರತೆ ಇರಲಿಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರ್ 47 ಗ್ರಂಥಾಲಯಗಳನ್ನು ಕೂಡಿಸಿ ಶುರು ಮಾಡಿದ ಸಂಘ ಮುಂದೆ ಕೇರಳದ ಊರೂರಿಗೆ ಹಬ್ಬಿತು. ಅವರು ತೀರಿಕೊಂಡ ಜೂನ್ 19 ಕೇರಳದ ವಾಚನಾ ದಿನ. ಗಡಿನಾಡಿನ ನಮ್ಮ ಕನ್ನಡ ಶಾಲೆಗಳಲ್ಲೂ ಅಂದು ಮಕ್ಕಳು ಪುಸ್ತಕದ ಬಗ್ಗೆ ಮಾತಾಡುತ್ತಾರೆ. ಅಷ್ಟರಲ್ಲಿ ಮುಂಗಾರು ಹಿಡಿದು ಎರಡು ವಾರ ಆಗಿರುತ್ತದೆ. ಬೂಷ್ಟು ಶುರುವಾಗುವ ಹೊತ್ತೂ ಅದೇ. ತೇವಾಂಶ ತೋರಿಸುವ ಅಂಗೈಯಗಲದ ಮೀಟರುಗಳು ಈಗ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಆ ದಿನ ಒಂದನ್ನು ಕಪಾಟಿನೊಳಗೆ ತೂಗುಹಾಕಿ, ಬಲ್ಬ್ ಹೊತ್ತಿಸಿ, ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಬೇಕು. ಸಂಜೆ ಪೇಪರ್ ಓದಲು ಮೊದಲು ಬಂದವರು ಅಂದಿನ ಅಂಕಿ ಬರೆಯಲಿ. 70 ದಾಟಿದ ದಿನ ಕೆಂಪು ಶಾಯಿಯಲ್ಲಿ.