ಉತ್ತರ ಕೊಡದ ಪ್ರೋಸೆಸ್ ಸತ್ತಿದೆಯೇ?

ಪ್ರೋಸೆಸ್ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ) ಕ್ರ್ಯಾಶ್ ಆಗಿರಬಹುದು, ನೆಟ್‌ವರ್ಕ್ ಕಡಿದಿರಬಹುದು, ಇಲ್ಲವೇ ಉತ್ತರ ಇನ್ನೂ ದಾರಿಯಲ್ಲಿರಬಹುದು. ಕಾಯುತ್ತಿರುವ ಇನ್ನೊಂದು ಸರ್ವರ್‌ಗೆ ಮೂರೂ ಒಂದೇ. ಸಂದೇಶ ತಲುಪಲು ಕಾಲಮಿತಿಯೇ ಇಲ್ಲದಿದ್ದರೆ, ಒಂದೇ ಒಂದು ಪ್ರೋಸೆಸ್ ಕೆಡುವ ಸಾಧ್ಯತೆಯಿದ್ದರೂ ಉಳಿದವು ಒಮ್ಮತಕ್ಕೆ ಬಂದೇ ಬರುತ್ತವೆಂಬ ಖಾತ್ರಿ ಯಾವ ಡಿಟರ್ಮಿನಿಸ್ಟಿಕ್ (ಯಾದೃಚ್ಛಿಕ ಆಯ್ಕೆ ಬಳಸದ) ಅಲ್ಗಾರಿದಂನಿಂದಲೂ ಸಿಗದು ಎಂದು ಫಿಷರ್, ಲಿಂಚ್, ಪ್ಯಾಟರ್ಸನ್ 1985ರಲ್ಲಿ ಸಾಧಿಸಿ ತೋರಿಸಿದರು.

ದಾರಿ ತೆರೆದದ್ದು 1996ರಲ್ಲಿ. ಪ್ರೋಸೆಸ್ ಕೆಟ್ಟಿದೆಯೇ ಎಂದು ಪತ್ತೆ ಮಾಡುವ ಡಿಟೆಕ್ಟರ್ ತಪ್ಪಬಹುದು ಎಂದು ಒಪ್ಪಿಕೊಂಡೇ ಚಂದ್ರ ಮತ್ತು ಟೂಎಗ್ ಹೊರಟರು. ಕೆಟ್ಟ ಪ್ರೋಸೆಸ್ ಮೇಲೆ ಒಂದಲ್ಲ ಒಂದು ದಿನ ಕಾಯಂ ಅನುಮಾನ ಬೀಳಬೇಕು. ಯಾವುದೋ ಹಂತದ ನಂತರ ಕನಿಷ್ಠ ಒಂದು ಸರಿಯಾದ ಪ್ರೋಸೆಸ್ ಮೇಲೆ ಯಾರಿಗೂ ಅನುಮಾನ ಇರಬಾರದು. ಅರ್ಧಕ್ಕಿಂತ ಹೆಚ್ಚು ಪ್ರೋಸೆಸ್‌ಗಳು ಸರಿಯಿದ್ದರೆ ಒಮ್ಮತಕ್ಕೆ ಇಷ್ಟು ಸಾಕು.

ಆದರೆ ಎಷ್ಟು ಹೊತ್ತು ಕಾಯಬೇಕು? ಸೆಕೆಂಡಿಗೊಂದು ಹಾರ್ಟ್‌ಬೀಟ್ (‘ಬದುಕಿದ್ದೇನೆ’ ಎಂಬ ಸಂದೇಶ), 3 ಸೆಕೆಂಡ್ ಟೈಮ್‌ಔಟ್ ಇಟ್ಟಿದ್ದೀರಿ ಎನ್ನಿ. ಗಾರ್ಬೇಜ್ ಕಲೆಕ್ಷನ್‌ಗೆ (ಬೇಡದ ಮೆಮೊರಿ ತೆರವಿಗೆ) ಪ್ರೋಸೆಸ್ 5 ಸೆಕೆಂಡ್ ನಿಂತರೆ ಆರೋಗ್ಯವಂತ ನೋಡ್ (ಗುಂಪಿನ ಒಂದು ಸರ್ವರ್) ಹೊರಬೀಳುತ್ತದೆ. ಅದರ ಕೆಲಸ ಉಳಿದವುಗಳ ತಲೆಗೆ. ಅವೂ ನಿಧಾನವಾಗಿ, ಅವುಗಳ ಮೇಲೂ ಅನುಮಾನ. ಟೈಮ್‌ಔಟ್ 30 ಸೆಕೆಂಡಿಗೆ ಏರಿಸಿದರೆ, ಲೀಡರ್ (ಡೇಟಾ ಬರೆಯುವ ಹೊಣೆ ಹೊತ್ತ ನೋಡ್) ನಿಜವಾಗಿ ಸತ್ತಾಗ ಅಷ್ಟು ಹೊತ್ತೂ ಬರಹ ಬಂದ್.

2004ರ ಫೈ ಅಕ್ರೂಯಲ್ ಡಿಟೆಕ್ಟರ್ ಹಾರ್ಟ್‌ಬೀಟ್‌ಗಳ ನಡುವಿನ ಹಿಂದಿನ ಅಂತರಗಳನ್ನು ನೋಡಿ ಅನುಮಾನಕ್ಕೆ ಅಂಕಿ ಕೊಡುತ್ತದೆ: ಫೈ 1 ಎಂದರೆ ತಪ್ಪುವ ಸಂಭವ ಸುಮಾರು 10ರಲ್ಲಿ 1, ಫೈ 3 ಎಂದರೆ 1000ದಲ್ಲಿ 1. ಕಸ್ಸಾಂಡ್ರಾ ಡೇಟಾಬೇಸ್‌ನ ಡೀಫಾಲ್ಟ್ ಮಿತಿ 8. ಇತಿಹಾಸದಲ್ಲಿ ಇಲ್ಲದ ದೀರ್ಘ ವಿರಾಮವನ್ನು ಮಾತ್ರ ಇದೂ ಊಹಿಸಲಾರದು.

ಎಲ್ಲರೂ ಎಲ್ಲರಿಗೂ ಹಾರ್ಟ್‌ಬೀಟ್ ಕಳಿಸಿದರೆ 1000 ನೋಡ್‌ಗಳಲ್ಲಿ ಸುತ್ತಿಗೆ ಸುಮಾರು 10 ಲಕ್ಷ ಸಂದೇಶ. 2002ರ ಸ್ವಿಮ್ ಪ್ರೋಟೋಕಾಲ್‌ನಲ್ಲಿ ಪ್ರತಿ ನೋಡ್ ಸುತ್ತಿಗೆ ಒಬ್ಬರನ್ನಷ್ಟೇ ಪಿಂಗ್ ಮಾಡುತ್ತದೆ (‘ಇದ್ದೀಯಾ?’ ಎಂದು ಕೇಳುತ್ತದೆ). ಉತ್ತರವಿಲ್ಲದಿದ್ದರೆ ಬೇರೆ ಕೆಲವರಿಂದ ಪಿಂಗ್ ಮಾಡಿಸುತ್ತದೆ. ತಮ್ಮಿಬ್ಬರ ನಡುವಿನ ಲಿಂಕ್ ಮಾತ್ರ ಕೆಟ್ಟಿದ್ದರೆ ಬಯಲಾಗುವುದು ಹೀಗೆ.

ಹಾರ್ಟ್‌ಬೀಟ್‌ಗೆ ಪ್ರತ್ಯೇಕ ಥ್ರೆಡ್ (ಪ್ರೋಸೆಸ್‌ನೊಳಗೆ ತನ್ನಷ್ಟಕ್ಕೆ ಓಡುವ ಎಳೆ) ಇಡುವುದು ಸಾಮಾನ್ಯ, ಮತ್ತು ಅಪಾಯಕಾರಿ: ಡಿಸ್ಕ್ ಸಿಕ್ಕಿಹಾಕಿಕೊಂಡು ಒಂದು ವಿನಂತಿಯೂ ಮುಗಿಯದಿದ್ದರೂ ಆ ಥ್ರೆಡ್ ‘ಚೆನ್ನಾಗಿದ್ದೇನೆ’ ಎನ್ನುತ್ತಲೇ ಇರುತ್ತದೆ.

ಇನ್ನು ತಪ್ಪು ಅನುಮಾನದ ಕೆಟ್ಟ ಫಲ: ವಿರಾಮದಿಂದ ಎದ್ದ ಹಳೆಯ ಲೀಡರ್, ತಾನೇ ಲೀಡರ್ ಎಂದುಕೊಂಡು ಬರೆಯುತ್ತದೆ. ಮದ್ದು ಫೆನ್ಸಿಂಗ್ ಟೋಕನ್: ಪ್ರತಿ ಹೊಸ ಲೀಡರ್‌ಗೂ ಸಿಗುವ, ಏರುತ್ತಲೇ ಹೋಗುವ ಸಂಖ್ಯೆ. ಹೊಸ ಲೀಡರ್ 42ರೊಂದಿಗೆ ಬರೆದ ಮೇಲೆ ಸ್ಟೋರೇಜ್ 41ನ್ನು ತಿರಸ್ಕರಿಸಬೇಕು. ಈ ಪರೀಕ್ಷೆ ಸ್ಟೋರೇಜ್‌ನಲ್ಲೇ ನಡೆಯಬೇಕು. ಲೀಡರ್ ತನ್ನ ಲೀಸ್ (ಲೀಡರ್ ಆಗಿರಲು ಸಿಕ್ಕ ಅವಧಿ) ನೋಡಿಕೊಂಡು ಬರೆದರೆ ಸಾಲದು, ನೋಡುವುದಕ್ಕೂ ಬರೆಯುವುದಕ್ಕೂ ನಡುವೆಯೇ ಅದು ಮತ್ತೆ ನಿಲ್ಲಬಹುದು.