ಡ್ರೈಯರ್ ವೈರಿಂಗ್: ನ್ಯೂಟ್ರಲ್ ಬೇರೆ, ಅರ್ಥಿಂಗ್ ಬೇರೆ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಬಟ್ಟೆ ಒಣಗಿಸುವ ಡ್ರೈಯರ್ ಆನ್ ಮಾಡಿದ್ದೀರಿ. ಡ್ರಮ್ ಗರಗರ ತಿರುಗುತ್ತಿದೆ, ಒಳಗಿನ ದೀಪವೂ ಉರಿಯುತ್ತದೆ, ಆದರೆ ಒಂದು ಗಂಟೆ ಆದರೂ ಬಟ್ಟೆ ಹಸಿಹಸಿ, ತಣ್ಣಗೆ. ಏನಾಗಿರಬಹುದು? ಹೀಟರ್ ಕಾಯಿಲ್ ಸುಟ್ಟಿದೆ ಅಂತ ನಾನು ಥಟ್ಟನೆ ಹೇಳಿ ಬೈಸಿಕೊಂಡಿದ್ದೆ. ಕಾಯಿಲ್ ನೆಟ್ಟಗೇ ಇತ್ತು. ಉತ್ತರ ವೈರಿಂಗ್‌ನಲ್ಲಿತ್ತು.

ಮೊದಲು ಸುಲಭದ್ದು. 230 ವೋಲ್ಟ್ ಇರುವ ದೇಶಗಳಲ್ಲಿ ಡ್ರೈಯರ್‌ಗೆ ಬರುವುದು ಮೂರು ವೈರ್: ಕರೆಂಟ್ ತರುವ ಫೇಸ್, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್, ಯಂತ್ರದ ಮೈಗೆ ಕರೆಂಟ್ ಸೋರಿದರೆ ಹೊತ್ತೊಯ್ಯುವ ಅರ್ಥಿಂಗ್. ಹೀಟರ್ ಆಗಲಿ ಮೋಟಾರ್ ಆಗಲಿ, ಎಲ್ಲವೂ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ. 2500 ವ್ಯಾಟ್ ಯಂತ್ರ ಅಂದುಕೊಳ್ಳಿ, 230ರಿಂದ ಭಾಗಿಸಿದರೆ ಸುಮಾರು 11 ಆಂಪ್. ಅದೂ ಐದು ಹತ್ತು ನಿಮಿಷಕ್ಕಲ್ಲ, ಗಂಟೆಗಟ್ಟಲೆ. ಅದಕ್ಕೇ ಬೇರೆ ಯಾವುದೂ ಸೇರದ ಪ್ರತ್ಯೇಕ ಲೈನ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಬ್ರೇಕರ್), ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡವೇ ಬೇಡ.

ಅಮೆರಿಕ, ಕೆನಡಾದ ವ್ಯವಸ್ಥೆ ಸ್ವಲ್ಪ ತಲೆ ತಿನ್ನುತ್ತದೆ. ಅಲ್ಲಿ ಎರಡು ಫೇಸ್ ವೈರ್ ಬರುತ್ತವೆ. ಒಂದೊಂದಕ್ಕೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್, ಎರಡೂ ಫೇಸ್‌ಗಳ ನಡುವೆ 240. ಹೀಟರ್ ಎರಡು ಫೇಸ್‌ಗಳ ನಡುವೆ ಕೂರುತ್ತದೆ. 5000 ವ್ಯಾಟ್‌ನದಾದರೆ ಸುಮಾರು 21 ಆಂಪ್ ಎಳೆಯುತ್ತದೆ. ಮೋಟಾರ್, ಟೈಮರ್, ದೀಪ ಇವಕ್ಕೆ 120 ಸಾಕು, ಅದಕ್ಕೇ ಒಂದು ಫೇಸ್ ಮತ್ತು ನ್ಯೂಟ್ರಲ್. ಈ ಲೈನ್‌ಗೆ 30 ಆಂಪ್‌ನ ಜೋಡಿ ಬ್ರೇಕರ್, 10 ಗೇಜ್ (ಅಲ್ಲಿನ ವೈರ್ ದಪ್ಪದ ಅಳತೆ) ತಾಮ್ರ.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಮೋಟಾರ್‌ಗೆ ಸಂಬಂಧ ಇಲ್ಲದ ಆ ಇನ್ನೊಂದು ಫೇಸ್ ಎಲ್ಲೋ ಕೈಕೊಟ್ಟಿದೆ. ಮೋಟಾರ್‌ಗೆ ಬೇಕಾದ 120 ಸಿಗುತ್ತಿದೆ, ಹೀಟರ್‌ನ ಒಂದು ತುದಿಗೆ ಮಾತ್ರ ಏನೂ ಇಲ್ಲ. ಬ್ರೇಕರ್‌ನ ಒಂದು ಪೋಲ್ ಕೆಟ್ಟಿರಬಹುದು, ಸಾಕೆಟ್‌ನಲ್ಲಿ ಒಂದು ಸ್ಕ್ರೂ ಸಡಿಲ ಆಗಿರಬಹುದು.

ಸರಿ, ನ್ಯೂಟ್ರಲ್ ಕಿತ್ತುಹೋದರೆ? ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕಂದರೆ ಜೀವಕ್ಕೆ ಅಪಾಯ ಇರುವುದು ಇಲ್ಲೇ. ಅಮೆರಿಕದ ಹಳೆಯ ಮೂರು ಪಿನ್ ಪದ್ಧತಿಯಲ್ಲಿ ಎರಡು ಫೇಸ್, ಒಂದು ನ್ಯೂಟ್ರಲ್ ಅಷ್ಟೇ. ಪ್ರತ್ಯೇಕ ಅರ್ಥಿಂಗ್ ವೈರ್ ಇಲ್ಲ. ವೈರ್‌ಗಳನ್ನು ಸ್ಕ್ರೂ ಹಾಕಿ ಕೂರಿಸುವ ಟರ್ಮಿನಲ್ ಬ್ಲಾಕ್‌ನಲ್ಲಿ, ನ್ಯೂಟ್ರಲ್ ಕೂರುವ ಮಧ್ಯದ ಸ್ಕ್ರೂನಿಂದ ಯಂತ್ರದ ತಗಡಿನ ಮೈಗೆ ಒಂದು ಚಿಕ್ಕ ಲೋಹದ ಪಟ್ಟಿ ಇರುತ್ತದೆ. ನ್ಯೂಟ್ರಲ್ಲೇ ಅರ್ಥಿಂಗ್ ಕೆಲಸವನ್ನೂ ಮಾಡುತ್ತದೆ. ಎಲ್ಲ ಸರಿ ಇದ್ದಾಗ ತೊಂದರೆ ಕಾಣಲ್ಲ. ಗೋಡೆಯ ಒಳಗೆಲ್ಲೋ ಆ ನ್ಯೂಟ್ರಲ್ ತುಂಡಾಯಿತು ಅನ್ನಿ. ಫೇಸ್‌ನಿಂದ ಮೋಟಾರ್‌ಗೆ, ಮೋಟಾರ್‌ನಿಂದ ಮಧ್ಯದ ಸ್ಕ್ರೂಗೆ, ಅಲ್ಲಿಂದ ಪಟ್ಟಿ ಹಿಡಿದು ಇಡೀ ಮೈಗೆ 120 ವೋಲ್ಟ್ ಬಂದು ಕೂರುತ್ತದೆ. ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲ, ಹಾಗಾಗಿ ಬ್ರೇಕರ್ ಬೀಳಲ್ಲ. ನಮ್ಮ ಕಣ್ಣಿಗೆ ಯಂತ್ರ ಸುಮ್ನೆ ಸತ್ತ ಹಾಗೆ ಕಾಣುತ್ತದೆ, ಏನಾಯ್ತಪ್ಪಾ ಅಂತ ಒಂದು ಕೈ ಡ್ರೈಯರ್ ಮೇಲೆ, ಇನ್ನೊಂದು ಕೈ ಪಕ್ಕದ ನಲ್ಲಿಯ ಮೇಲೆ ಇಟ್ಟರೆ ದಾರಿ ನಾವೇ ಆದ ಹಾಗೆ.

ಅಮೆರಿಕದ ವಿದ್ಯುತ್ ನಿಯಮ 1996ರಿಂದ ಹೊಸ ಲೈನ್‌ಗಳಿಗೆ ನಾಲ್ಕು ವೈರ್ ಕಡ್ಡಾಯ ಮಾಡಿದ್ದು ಇದಕ್ಕೇ. ಬಿಳಿ ವೈರ್, ಅಂದರೆ ನ್ಯೂಟ್ರಲ್, ಮಧ್ಯಕ್ಕೆ, ಫೇಸ್‌ಗಳಾದ ಕಪ್ಪು ಮತ್ತು ಕೆಂಪು ಎರಡು ಬದಿಗೆ (ಯಾವುದು ಯಾವ ಕಡೆ ಆದರೂ ನಡೆಯುತ್ತದೆ), ಹಸಿರು ಯಂತ್ರದ ಮೈಯ ಅರ್ಥಿಂಗ್ ಸ್ಕ್ರೂಗೆ. ಆ ಪಟ್ಟಿಯನ್ನು ಬಿಚ್ಚಲೇಬೇಕು. ಕಲಿಯುವವರು ಮರೆಯುವುದು ಇದನ್ನೇ, ಯಾಕಂದರೆ ಬಿಚ್ಚದೆ ಇದ್ದರೂ ಡ್ರೈಯರ್ ಚೆನ್ನಾಗಿಯೇ ಓಡುತ್ತದೆ! ಆದರೆ ನ್ಯೂಟ್ರಲ್ ಕರೆಂಟ್‌ನ ಒಂದು ಪಾಲು ಅರ್ಥಿಂಗ್ ವೈರ್‌ನಲ್ಲೂ, ಯಂತ್ರದ ಮೈಯಲ್ಲೂ ಹರಿಯುತ್ತಿರುತ್ತದೆ. ಹಳೆ ಮೂರು ಪಿನ್ ಸಾಕೆಟ್‌ಗೇ ಹಾಕುವುದಾದರೆ ಉಲ್ಟಾ: ಪಟ್ಟಿ ಇರಲೇಬೇಕು, ತೆಗೆದರೆ ಮೈಗೆ ಯಾವ ರಕ್ಷಣೆಯೂ ಉಳಿಯಲ್ಲ.

ನಾಲ್ಕು ವೈರ್ ಹಾಕಿದ ಮೇಲೆ ಪ್ಲಗ್ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಪ್ಲಗ್‌ನ ಅರ್ಥಿಂಗ್ ಪಿನ್‌ಗೂ ಯಂತ್ರದ ಮೈಗೂ ಹತ್ತಿರ ಹತ್ತಿರ ಸೊನ್ನೆ ಓಮ್ ಬರಬೇಕು. ನ್ಯೂಟ್ರಲ್ ಪಿನ್‌ಗೂ ಮೈಗೂ ಸಂಪರ್ಕವೇ ಇರಬಾರದು. ಬೀಪ್ ಅಂದರೆ ಪಟ್ಟಿ ಇನ್ನೂ ಅಲ್ಲೇ ಇದೆ.

ಇನ್ನು ಸ್ಕ್ರೂ. ಬಿಗಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಲೆಕ್ಕ ಮಾಡೋಣ. ಸಡಿಲ ಸ್ಕ್ರೂನಲ್ಲಿ ಬರೀ 0.1 ಓಮ್ ರೆಸಿಸ್ಟೆನ್ಸ್ ಇದೆ ಅನ್ನಿ. 21 ಆಂಪ್‌ನ ವರ್ಗ 441, ಅದಕ್ಕೆ 0.1 ಗುಣಿಸಿದರೆ 44 ವ್ಯಾಟ್. 25 ವ್ಯಾಟ್‌ನ ಸಾಲ್ಡರಿಂಗ್ ಐರನ್ ಬೆಸುಗೆ ಕರಗಿಸುತ್ತದೆ, ಅಲ್ವಾ? ಅದಕ್ಕಿಂತ ಜಾಸ್ತಿ ಬಿಸಿ ಒಂದೇ ಒಂದು ಸ್ಕ್ರೂ ತಲೆಯಲ್ಲಿ, ಪ್ಲಾಸ್ಟಿಕ್ ಬ್ಲಾಕ್ ಮೇಲೆ. ಬ್ರೇಕರ್‌ಗೆ ಇದು ಗೊತ್ತೇ ಆಗಲ್ಲ, ಅದರ ಲೆಕ್ಕದಲ್ಲಿ 21 ಆಂಪ್ ಅಂದರೆ ಎಲ್ಲ ಸರಿ. ಆದ್ದರಿಂದ ಸ್ಕ್ರೂ ಕೂತ ಮೇಲೆ ವೈರ್ ಹಿಡಿದು ಒಮ್ಮೆ ಜಗ್ಗಿ ನೋಡಿ. ಸ್ಕ್ರೂ ಕೆಳಗೆ ಇನ್ಸುಲೇಷನ್ ಸಿಕ್ಕಿಕೊಂಡಿಲ್ಲ ತಾನೇ, ಅದನ್ನೂ ನೋಡಿ. ಕೇಬಲ್ ಒಳಗೆ ಹೋಗುವ ತೂತಿನಲ್ಲಿ ಕ್ಲ್ಯಾಂಪ್ ಹಾಕದೆ ಬಿಟ್ಟರೆ ಡ್ರಮ್‌ನ ನಡುಕಕ್ಕೆ ತಗಡಿನ ಅಂಚು ದಿನಾ ಇನ್ಸುಲೇಷನ್ ಕೊರೆಯುತ್ತದೆ.

ಮುಟ್ಟುವ ಮೊದಲು ಬ್ರೇಕರ್ ಆಫ್. ಮೀಟರನ್ನು ಕರೆಂಟ್ ಇರುವ ಬೇರೆ ಸಾಕೆಟ್‌ನಲ್ಲಿ ಮೊದಲು ನೋಡಿ, ಆಮೇಲೆ ನಿಮ್ಮ ಲೈನ್, ಮತ್ತೆ ಅದೇ ಸಾಕೆಟ್. ಮೀಟರೇ ಕೆಟ್ಟಿದ್ದರೂ ಸೊನ್ನೆ ತೋರಿಸುತ್ತದಲ್ಲ! ಮೇನ್ ಬೋರ್ಡ್‌ನಿಂದ ಹೊಸ ಲೈನ್ ಎಳೆಯುವುದನ್ನು ಮಾತ್ರ ಲೈಸೆನ್ಸ್ ಇರುವವರಿಗೆ ಬಿಡಿ. ಮೇನ್ ಸ್ವಿಚ್ ಆಫ್ ಮಾಡಿದರೂ ಹೊರಗಿನಿಂದ ಬರುವ ವೈರ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಬಿಸಿಗಾಳಿ ಹೊರಹಾಕುವ ಮಾದರಿಯಾದರೆ 4 ಇಂಚಿನ ಲೋಹದ ಕೊಳವೆ, ಆದಷ್ಟು ನೇರ, ಆದಷ್ಟು ಗಿಡ್ಡ. ಪ್ಲಾಸ್ಟಿಕ್ ಬೇಡ. ಜೋಡಣೆಗೆ ಫಾಯಿಲ್ ಟೇಪ್ ಹಾಕಿ. ಸ್ಕ್ರೂ ಒಳಗೆ ಚಾಚಿದರೆ ಬಟ್ಟೆಯ ಜುಂಗು ಅದಕ್ಕೆ ಸಿಕ್ಕಿಕೊಂಡು ಗುಡ್ಡೆಯಾಗುತ್ತದೆ, ಜುಂಗು ಬೆಂಕಿಗೆ ಅರಳೆ ಇದ್ದ ಹಾಗೆ. ಹೊರಗಿನ ಬಾಯಿಗೆ ಜಾಲರಿಯೂ ಬೇಡ, ಕಾರಣ ಅದೇ. ಗಾಳಿಯನ್ನು ಹೊರಗೆ ಬಿಡದ ಕಂಡೆನ್ಸರ್, ಹೀಟ್ ಪಂಪ್ ಮಾದರಿಗೆ ಈ ರಗಳೆ ಇಲ್ಲ.

ಮೊದಲ ಸಲ ಒದ್ದೆ ಬಟ್ಟೆ ಹಾಕಿ ಹದಿನೈದು ನಿಮಿಷ ಓಡಿಸಿ. ಹೊರಗೆ ಹೋಗಿ ಕೊಳವೆಯ ಮುಚ್ಚಳ ಗಾಳಿಗೆ ಪೂರ್ತಿ ತೆರೆದಿದೆಯಾ ನೋಡಿ. ಆಮೇಲೆ ಯಂತ್ರ ಆಫ್ ಮಾಡಿ, ಬ್ರೇಕರ್ ಇಳಿಸಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿಯಿರಿ. ಉಗುರುಬೆಚ್ಚಗೆ ಇದ್ದರೆ ಪರವಾಗಿಲ್ಲ. ಹಿಡಿಯಲಾಗದಷ್ಟು ಬಿಸಿ ಇದ್ದರೆ, ಪಿನ್ ಬುಡದಲ್ಲಿ ಕಂದು ಕಲೆ ಕಂಡರೆ, ಆ ಬಟ್ಟೆಯನ್ನು ಹಗ್ಗದ ಮೇಲೆ ಹರವಿ, ಸಾಕೆಟ್ ಬಿಚ್ಚಿ.