ಕಾನಿನ ನೆಲದ ಕಾಣದ ತೂತುಗಳು

'ಕಾಡಿದ್ದರೆ ಮಳೆ' ಎಂಬ ಮಾತನ್ನು ವನಮಹೋತ್ಸವದ ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವುದು ಮುಖ್ಯವಾಗಿ ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತಿ ತಣಿಯುವುದರಿಂದ. ಮರ ಕಡಿದರೂ ಘಟ್ಟ ಅಲ್ಲೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಜುಲೈನ ಮಳೆ ಮಾರ್ಚ್‌ವರೆಗೆ ಎಲ್ಲಿ ಇರುತ್ತದೆ?

ದೊಡ್ಡ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕಪ್ಪಳಿಸುತ್ತದೆ. ಮರ ಅದನ್ನು ತಡೆಯುತ್ತದೆ ಅಂದುಕೊಂಡಿರಾ? ಎಲೆಯ ಮೇಲೆ ಸಣ್ಣ ಹನಿಗಳು ಕೂಡಿ ದಪ್ಪವಾಗಿ ತುದಿಯಿಂದ ಜಾರುತ್ತವೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಹಳೆಯ ವೇಗ ಹೆಚ್ಚುಕಡಿಮೆ ಮರಳಿರುತ್ತದೆ. ಬುಡ ಬೋಳಾದ ಎತ್ತರದ ನೆಡುತೋಪು ಮಣ್ಣಿಗೆ ಬಯಲಿಗಿಂತ ಜೋರಾಗಿ ಬಡಿಯಬಲ್ಲದು! ಹೆಂಟೆ ಒಡೆದು, ನುಣ್ಣನೆ ಮಣ್ಣು ರಂಧ್ರಗಳಿಗೆ ಮೆತ್ತಿಕೊಂಡು, ನೀರು ಕೆಂಪಗೆ ಹಳ್ಳಕ್ಕೆ ಓಡುತ್ತದೆ. ಕಾನಿನಲ್ಲಿ, ಅಂದರೆ ಮಲೆನಾಡಿನ ದಟ್ಟ ನಿತ್ಯಹಸಿರು ಕಾಡಿನಲ್ಲಿ, ಆ ಪೆಟ್ಟು ತಿನ್ನುವುದು ಕೆಳಗಿನ ಗಿಡಗಂಟಿ ಮತ್ತು ದರಕು, ಅಂದರೆ ಉದುರಿದ ಎಲೆಗಳ ಹಾಸು.

ಇನ್ನು ನನ್ನ ಮೆಚ್ಚಿನ ಸಂಗತಿ. ಕಾಡಿನ ಮಣ್ಣನ್ನು ಸ್ಪಂಜಿಗೆ ಹೋಲಿಸುವುದು ರೂಢಿ, ಆದರೆ ಅದರಲ್ಲಿ ತೂತಿನ ಅಳತೆಯೇ ಮರೆಯಾಗುತ್ತದೆ. ನಯವಾಗಿ ಹರಿಯುವ ನೀರಿನ ಪ್ರಮಾಣ ಕೊಳವೆಯ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಗಲ ಎರಡು ಪಟ್ಟಾದರೆ ನೀರು 16 ಪಟ್ಟು, ಹತ್ತು ಪಟ್ಟಾದರೆ 10,000 ಪಟ್ಟು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಹತ್ತು ಸಾವಿರ ರಂಧ್ರಗಳು ಮಾಡುವ ಕೆಲಸವನ್ನು ಒಂದು ಮಿಲಿಮೀಟರಿನ ಒಂದೇ ತೂತು ಮುಗಿಸುತ್ತದೆ. ಇಂಥ ತೂತು ಕೊರೆಯುವವರು ಎರೆಹುಳು, ಗೆದ್ದಲು, ಏಡಿ. ಜೊತೆಗೆ ಸತ್ತು ಕೊಳೆತ ಬೇರು. ಹಾಗೆ ಇಳಿದ ನೀರು ಜಂಬಿಟ್ಟಿಗೆ ಕಲ್ಲಿನ ಸಂದಿಗಳಲ್ಲಿ ಮೆಲ್ಲಗೆ ಸರಿದು, ಬೇಸಿಗೆಯಲ್ಲಿ ಅಬ್ಬಿಯಾಗಿ ಜಿನುಗುತ್ತದೆ. ವರ್ಷವಿಡೀ ಒಸರುವ ಇಂಥ ಕಡೆ, ಶರಾವತಿ ಕಣಿವೆಯ ತಗ್ಗುಗಳಲ್ಲಿ, ರಾಮಪತ್ರೆಯ ಜಾತಿಯ ಮರಗಳು ಉಸಿರಾಟಕ್ಕಾಗಿ ಬೇರನ್ನು ಕೆಸರಿನಿಂದ ಮೇಲಕ್ಕೆತ್ತಿ ನಿಂತಿವೆ. ಒಸರು ನಿಂತರೆ ಅವೂ ಇಲ್ಲ.

ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು. ಜನ ಅಲ್ಲಿ ಕಾಳುಮೆಣಸು ಕೊಯ್ಯುತ್ತಿದ್ದರು, ಬಗನಿ ಮರದಿಂದ ಹೆಂಡ ಇಳಿಸುತ್ತಿದ್ದರು. ಮುಟ್ಟದ ಕಾಡೇನೂ ಆಗಿರಲಿಲ್ಲ. ಆಮೇಲೆ ಬಂತು ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಬೆಳೆಸಿದ ಅಕೇಶಿಯಾ. ಉಪಗ್ರಹದ ಚಿತ್ರದಲ್ಲಿ ಎರಡೂ ಹಸಿರೇ, ಅದೇ ತಾಪತ್ರಯ.

ಚೌಡಿಯ ಬನಕ್ಕೆ ಕತ್ತಿ ಹಾಕಿದವನು ರಕ್ತ ಕಾರಿ ಸಾಯುತ್ತಾನಂತೆ. ಶುದ್ಧ ಬೊಗಳೆ. ಆದರೆ ಆ ಹೆದರಿಕೆ ಇದ್ದಷ್ಟು ದಿನ ಅಲ್ಲಿನ ದರಕನ್ನು ಯಾರೂ ಗುಡಿಸಲಿಲ್ಲ, ಜೆಸಿಬಿ ಒಳಗೆ ಬರಲಿಲ್ಲ. ಹೆದರಿಕೆ ಹೋದ ಜಾಗಕ್ಕೆ ತಿಳಿವಳಿಕೆ ಬಂದಿದೆಯೇ ಎಂದರೆ, ಇಂಗುಗುಂಡಿಯ ಗುತ್ತಿಗೆ ಬಂದಿದೆ!

ಸಂರಕ್ಷಣೆಯೆಂದರೆ ಸಸಿಗಳ ಲೆಕ್ಕ ಎಂದು ನಂಬಿದವರಿಗೆ ಬಿದ್ದ ಮರ ಬರೀ ಸೌದೆ. ಅದನ್ನು ಬುಡಸಮೇತ ಕಿತ್ತು ಸಾಗಿಸಿದರೆ ಬೇರು ಇದ್ದಲ್ಲೇ ಕೊಳೆತು ತೂತಾಗುವ ಅವಕಾಶವೂ ಹೋಯಿತು, ಹತ್ತಿದ ಲಾರಿಯ ಚಕ್ರದಡಿ ಅಕ್ಕಪಕ್ಕದ ತೂತುಗಳೂ ಮುಚ್ಚಿದವು. ಹೊಸದಾಗಿ ನೆಟ್ಟ ಸಸಿ ಬೆಳೆದು, ಸತ್ತು, ಅದರ ಬೇರು ಕೊಳೆಯುವವರೆಗೆ ಆ ತೂತು ಮತ್ತೆ ಹುಟ್ಟದು.